ಸಾವಿರ ಸಂಚಿಕೆ ಆಯಿತು, ತೆರೆಯ ಹಿಂದಿನವರಿಗೆ ನಮಸ್ಕಾರ

ನಮ್ಮ ಧಾರಾವಾಹಿ ಈ ವಾರ ಸಾವಿರ ಸಂಚಿಕೆ ಮುಟ್ಟಿತು. ಸೋಮವಾರದಿಂದ ಶುಕ್ರವಾರ, ವಾರಕ್ಕೆ 5ರಂತೆ 200 ವಾರ. ನಾಲ್ಕು ವರ್ಷಕ್ಕೆ ಸ್ವಲ್ಪ ಕಮ್ಮಿ. ಅರ್ಧ ಗಂಟೆಯ ಸ್ಲಾಟಿನಲ್ಲಿ ಜಾಹೀರಾತು ಕಳೆದು ಉಳಿಯುವ 22 ನಿಮಿಷವೂ ನೋಡುವವರಿಗೆ ಕಾಣುವುದು ಕಲಾವಿದರ ಮುಖ. ಹಾರ ಹಾಕಿಸಿಕೊಂಡವರೂ ನಾವೇ. ಆ ಮುಖವನ್ನು ಇಷ್ಟು ದಿನ ಕಾಯ್ದವರ ಬಗ್ಗೆ ಕಲಾವಿದರೆಲ್ಲ ಸೇರಿ ಇದನ್ನು ಬರೆಯುತ್ತಿದ್ದೇವೆ.

ಮೊದಲ ನಮಸ್ಕಾರ ಪ್ರಾಂಪ್ಟಿಂಗ್ ಮಾಡುವ, ಅಂದರೆ ಶೂಟಿಂಗ್ ನಡೆಯುವಾಗಲೇ ಸಾಲು ಹೇಳಿಕೊಡುವ ಸಹಾಯಕ ನಿರ್ದೇಶಕರಿಗೆ. ಡೈಲಾಗ್ ಶೀಟ್ ಎಷ್ಟೋ ಸಲ ಸೆಟ್ಟಿಗೆ ಬರುವುದೇ ಅವತ್ತು ಬೆಳಗ್ಗೆ, ಬಾಯಿಪಾಠಕ್ಕೆ ಹೊತ್ತೆಲ್ಲಿ? ಹಾಗಂತ ಪ್ರಾಂಪ್ಟಿಂಗ್ ಬರೀ ಓದಿ ಹೇಳುವ ಕೆಲಸವಲ್ಲ. ಎದುರಿನ ಪಾತ್ರ ಇರುವ ದಿಕ್ಕಿನಲ್ಲೇ, ಅವರ ಭುಜದ ಹಿಂದೆ ನಿಲ್ಲಬೇಕು. ಕ್ಯಾಮೆರಾದ ಆಚೆ ಪಕ್ಕ ನಿಂತರೆ ಕಲಾವಿದರ ಕಣ್ಣು ಒಮ್ಮೆ ಅತ್ತ ಹೊರಳುತ್ತದೆ. ಕ್ಲೋಸಪ್‌ನಲ್ಲಿ ಹರಿಶ್ಚಂದ್ರನೂ ಕಳ್ಳನಂತೆ ಕಾಣುತ್ತಾನೆ. ‘ಈ ಮನೆಗೆ ಕಾಲಿಟ್ಟ ದಿನದಿಂದ ನಾನು ಪಟ್ಟ ಪಾಡು ಸಾಕು’ ಎಂಬ ಸಾಲನ್ನು ‘ದಿನದಿಂದ’ ಅಂದಲ್ಲಿ ಮುರಿದು ಕೊಡಬೇಕು, ‘ನಾನು’ ಅಂದಲ್ಲಿ ಮುರಿದರೆ ಅರ್ಥವೂ ಉಸಿರೂ ಎರಡೂ ಕೆಡುತ್ತವೆ. ಪ್ರಾಂಪ್ಟರ್‌ನ ಕೊನೇ ಅಕ್ಷರದ ಮೇಲೆ ಕಲಾವಿದರ ಮೊದಲ ಅಕ್ಷರ ಬಿತ್ತೋ, ಎಡಿಟರ್‌ಗೆ ಕತ್ತರಿಸಲು ಜಾಗವೇ ಇಲ್ಲ. ಇನ್ನೊಂದು ಟೇಕ್, ಇಲ್ಲವೇ ಡಬ್ಬಿಂಗ್.

ಕಂಟಿನ್ಯುಟಿ, ಅಂದರೆ ಒಂದು ಶಾಟಿನಿಂದ ಇನ್ನೊಂದಕ್ಕೆ ಏನೂ ಬದಲಾಗದಂತೆ, ನೋಡುವವರಿಗೂ ಕಾಸ್ಟ್ಯೂಮ್‌ನವರಿಗೂ ನಮ್ಮ ಸಾಲ ದೊಡ್ಡದು. ಬಾಗಿಲ ಹೊರಗಿನ ದೃಶ್ಯ ಒಂದು ದಿನ ತೆಗೆದರೆ ಒಳಗಿನದು ಎಂಟು ದಿನದ ಮೇಲೆ. ತೆರೆಯಲ್ಲಿ ಅದು ಒಂದೇ ಹೆಜ್ಜೆ. ಅದಕ್ಕೇ ಪ್ರತಿ ಸೀನ್ ಮುಗಿದಾಗ ಫೋಟೋ: ಮುಂದೆ, ಹಿಂದೆ, ಹಣೆ, ಎರಡೂ ಕೈ. ಬಳೆ ಎಷ್ಟು, ತಾಳಿ ಸೆರಗಿನ ಒಳಗೋ ಹೊರಗೋ, ಮಲ್ಲಿಗೆ ಎಷ್ಟು ಮೊಳ, ಎಲ್ಲಾ ಬರೆದಿಟ್ಟಿರುತ್ತಾರೆ. ಎಲ್ಲಕ್ಕಿಂತ ತಲೆನೋವು ಹೂವಿನದು. ಬೆಳಗ್ಗೆ ಮೊಗ್ಗು, ಲೈಟಿನ ಬಿಸಿಗೆ ಮಧ್ಯಾಹ್ನ ಅರಳಿ, ಸಂಜೆಗೆ ಕಂದು. ಉದ್ದದ ಸೀನ್ ಇದ್ದ ದಿನ ಎರಡನೇ ದಂಡೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು, ಊಟದ ನಂತರ ಬದಲಿಸಿ ಮುಡಿಸುತ್ತಾರೆ. ಸಣ್ಣ ಗೆರೆಯ ಸೀರೆ ಅಂಗಡಿಯಲ್ಲಿ ಚಂದ, ಕ್ಯಾಮೆರಾದಲ್ಲಿ ನೀರಿನ ಅಲೆಯಂತೆ ಕುಣಿಯುತ್ತದೆ. ಅಂಥವನ್ನು ಮೊದಲೇ ಪಕ್ಕಕ್ಕಿಡುತ್ತಾರೆ. ರವಿಕೆಯ ಒಳಗೆ ಒಂದಿಂಚು ಬಟ್ಟೆ ಬಿಟ್ಟು ಹೊಲಿದವರಿಗೆ ವಿಶೇಷ ವಂದನೆ. ನಾಲ್ಕು ವರ್ಷದಲ್ಲಿ ಯಾರ ಸೊಂಟ ಎಷ್ಟು ಬೆಳೆಯಿತು ಎಂಬುದು ಅವರಿಗೆ ಮಾತ್ರ ಗೊತ್ತು, ಯಾರಿಗೂ ಹೇಳಿಲ್ಲ.

ಅಳುವ ಸೀನ್‌ಗೆ ಮೇಕಪ್‌ನವರು ಗ್ಲಿಸರಿನ್ ಹಚ್ಚುವುದು ಒಂದೇ ಒಂದು ಹನಿ, ಅದೂ ಕೆಳರೆಪ್ಪೆಯ ಅಂಚಿಗೆ. ಜಾಸ್ತಿಯಾದರೆ ಉರಿ ತಡೆಯಲಾಗದೆ ಕಣ್ಣೇ ಮುಚ್ಚಿಕೊಳ್ಳುತ್ತದೆ, ಕಾಜಲ್ ಕೆನ್ನೆಗಿಳಿಯುತ್ತದೆ. ಕೆಂಪು ಬೇಗ ಹೋಗುವುದೂ ಇಲ್ಲ. ಹಾಗಾಗಿ ನಗುವ ಸೀನ್‌ಗಳನ್ನು ಮುಂಚೆಯೇ ಮುಗಿಸಿಕೊಳ್ಳುವಂತೆ ಅಸೋಸಿಯೇಟ್ ಡೈರೆಕ್ಟರ್ ದಿನದ ಪಟ್ಟಿ ಹೊಂದಿಸುತ್ತಾರೆ.

ಬಟ್ಟೆಗೆ ಸಿಕ್ಕಿಸುವ ಪುಟ್ಟ ಲೇಪಲ್ ಮೈಕಿಗೆ ರೇಷ್ಮೆ ಸೆರಗು ಉಜ್ಜಿದರೆ ಗರಗರ, ಬಳೆ ಅಲ್ಲಾಡಿದರೆ ಝಣಝಣ. ಮಾತೇ ಮುಳುಗಿಹೋಗುತ್ತದೆ. ಸೌಂಡ್‌ನವರು ಮೈಕಿನ ಎರಡೂ ಕಡೆ ಟೇಪ್ ಅಂಟಿಸಿ ಬಟ್ಟೆ ಜರುಗದಂತೆ ಮಾಡಿ, ಬಳೆಗಳ ಮಧ್ಯೆ ಸಣ್ಣ ರಬ್ಬರ್ ಬ್ಯಾಂಡ್ ಹಾಕುತ್ತಾರೆ. ಲೈಟ್‌ನವರು, ಜನರೇಟರ್ ನೋಡಿಕೊಳ್ಳುವವರು, 7 ಗಂಟೆ ಕಾಲ್‌ಶೀಟಿಗೆ ಆರೂವರೆಗೇ ಬಿಸಿ ಇಡ್ಲಿ ತಂದಿಡುವ ಪ್ರೊಡಕ್ಷನ್‌ನವರು, ನಿಮಗೂ ಕೈಮುಗಿದಿದ್ದೇವೆ.

ಪ್ರೇಕ್ಷಕರೇ, ಗುರುವಾರ ಟಿಆರ್‌ಪಿ ಬಂದಾಗ ಕೆಲವು ವಾರ ಸೆಟ್ಟಿನಲ್ಲಿ ಯಾರೂ ಮಾತಾಡಿಲ್ಲ. ಸಂಖ್ಯೆ ಇಳಿದ ವಾರಗಳಲ್ಲೂ ಟಿವಿ ಹಾಕಿದ ನಿಮಗೆ ದೊಡ್ಡ ನಮಸ್ಕಾರ.

ಕಾಸ್ಟ್ಯೂಮ್‌ನವರಿಗೆ ಒಂದು ಮಾತು ಬಾಕಿ: ಮದುವೆ ಸೀನಿನ ಹನ್ನೆರಡು ಹಸಿರು ಬಳೆ ಎತ್ತಿಡಬೇಡಿ. 1001ರಲ್ಲೂ ಮದುವೆ ಮುಗಿದಿಲ್ಲ.