ಕಲ್ಲು ಇಳಿಸುವ ಮೊದಲು ನೀರು ನೋಡು

ಪ್ರೀತಿಯ ಮಗಾ,

ಹೊಸ ಇಗರ್ಜಿಯ ಕಟ್ಟಡ ಸಮಿತಿಗೆ ನಿನ್ನನ್ನೇ ಕಾರ್ಯದರ್ಶಿ ಮಾಡಿದ್ದಾರಂತೆ, ನಿನ್ನಪ್ಪ ಫೋನಿನಲ್ಲಿ ಹೇಳಿದ. ಸಂತೋಷ. ನಕ್ಷೆ ನೋಡಿ ಮಾತ್ರ ಸ್ವಲ್ಪ ನಗು ಬಂತು. ನಮ್ಮ ಕಾಸರಗೋಡಿನ ಬೇಳದ ಇಗರ್ಜಿಯ ಹಾಗೆ ಗೋಪುರ ಬೇಕಾ? ಅದು 1890ರದ್ದು, ಆ ಕಾಲವೇ ಬೇರೆ. ನಮ್ಮದು 40 ಮನೆ, ಗಂಡಸರಲ್ಲಿ ಅರ್ಧ ಗಲ್ಫಿನಲ್ಲಿ. ಕೆಂಪು ಕಲ್ಲಿನ ಗೋಡೆ, ಹಂಚಿನ ಮಾಡು ಸಾಕು. ತಾರಸಿ ಹಾಕುವುದು, ಎರಡು ಮಳೆಗಾಲಕ್ಕೆ ಸೋರಿತೆಂದು ಅದರ ಮೇಲೆ ಶೀಟು ಹಾಕುವುದು, ನಮ್ಮೂರಲ್ಲಿ ಎಷ್ಟು ನೋಡಿಲ್ಲ!

ನಾನು ಬರೆಯಲು ಕೂತದ್ದು ನೀರಿನ ವಿಷಯ. ಈಗಿನ ಕಪೆಲ್, ಆ ಸಣ್ಣ ಪ್ರಾರ್ಥನಾ ಮಂದಿರ, ಕಟ್ಟುವಾಗ ಕಲ್ಲು, ಮರಳು, ಹಂಚು ಎಲ್ಲದರ ಲೆಕ್ಕ ಬರೆದವನು ನಾನು. ನೀರಿಗೆ ಆ ಪುಸ್ತಕದಲ್ಲಿ ಒಂದು ಗೆರೆಯೂ ಇರಲಿಲ್ಲ. ಪಕ್ಕದ ಭಟ್ಟರು ತಮ್ಮ ಸುರಂಗದ ನೀರು ತೆಗೆದುಕೊಳ್ಳಿ ಅಂದರು, ನಾವು ಪೈಪು ಎಳೆದೆವು. ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದಲ್ಲಿ ಬೇಸಿಗೆಯ ನೀರು ಎಷ್ಟು ಅಂತ ನಿನಗೆ ಗೊತ್ತಲ್ಲ, ಬೆರಳು ದಪ್ಪ ಬಂದರೆ ಪುಣ್ಯ. ಮೊದಲೇ ಕೆಂಪು ಕಲ್ಲು ನೀರು ಕುಡಿಯುತ್ತದೆ, ಸಿಮೆಂಟು ಬೇಗ ಒಣಗಬಾರದೆಂದು ನಾವು ಬೆಳಿಗ್ಗೆ ಸಂಜೆ ಹೊಯ್ದದ್ದೇ ಹೊಯ್ದದ್ದು. ಎಪ್ರಿಲಿನಲ್ಲಿ ಭಟ್ಟರ ತೋಟದಲ್ಲಿ ಅಡಿಕೆಯ ನಳ್ಳಿ, ಎಳೆ ಕಾಯಿಯೆಲ್ಲ, ಉದುರಿತು. ಅವರು ಪೈಪು ತೆಗೆಯಿರಿ ಅನ್ನಲಿಲ್ಲ. ಉದ್ಘಾಟನೆಯ ದಿನ ನಾನು ಓದಿದ ದಾನಿಗಳ ಪಟ್ಟಿಯಲ್ಲಿ ಅವರ ಹೆಸರಿಲ್ಲ, ಲಾರಿಗೆ ಬಾಡಿಗೆ ಬೇಡ ಅಂದ ಮುಸ್ಲಿಂ ಬ್ಯಾರಿಗಳ ಹೆಸರೂ ಇಲ್ಲ. ದುಡ್ಡು ಕೊಟ್ಟವರದ್ದು ಮಾತ್ರ. ಇಬ್ಬರೂ ಊಟಕ್ಕೆ ಬಂದು ನನ್ನ ಎದುರೇ ಕೂತಿದ್ದರು.

ಅದಕ್ಕೇ ಹೇಳುವುದು, ಈ ಮಳೆಗಾಲ ಮುಗಿಯುವ ಮೊದಲು ಜಾಗದ ಮೂಲೆಯಲ್ಲಿ ಒಂದು ಹೊಂಡ ತೋಡಿಸಿ ಸಿಲ್ಪಾಲಿನ್ ಪ್ಲಾಸ್ಟಿಕ್ ಹಾಳೆ ಹಾಸಿ ನೀರು ತುಂಬಿಸಿಡು. ದೀಪಾವಳಿ ಕಳೆದ ಕೂಡಲೇ ಪಂಚಾಂಗ (ಅಡಿಪಾಯ) ಹಾಕಿದರೆ ಜನವರಿಯೊಳಗೆ ಗೋಡೆ ಏಳುತ್ತದೆ, ಆಗ ಯಾರ ತೋಟದ ನೀರೂ ಬೇಡ. ಹಂಚಿನ ಮಾಡು ಪತ್ತನಾಜೆಯೊಳಗೆ, ಅಂದರೆ ಮೇ ಕೊನೆಯಲ್ಲಿ ಮಳೆ ಹಿಡಿಯುವ ಮೊದಲು, ಆಗಲೇಬೇಕು. ಪಂಚಾಯತಿಗೆ ಅರ್ಜಿ ಕನ್ನಡದಲ್ಲೇ ಕೊಡು, ಕೇರಳದಲ್ಲಿದ್ದರೂ ಕನ್ನಡದವರಾದ ನಮಗೆ ಆ ಹಕ್ಕಿದೆ. ಅಲ್ಲಿಯ ಕಾಗದ ಒಂದು, ಮಂಗಳೂರಿನ ಬಿಷಪರದ್ದು ಇನ್ನೊಂದು, ಎರಡೂ ಕೈಗೆ ಬರದೆ ಕಲ್ಲು ಇಳಿಸಬೇಡ.

ಶ್ರಮದಾನದ ಪುಸ್ತಕ ಬೇರೆಯೇ ಇಡು. ಒಂದು ದಿನ ಕಲ್ಲು ಹೊತ್ತವರು, ಗಂಜಿ ಬೇಯಿಸಿದವರು, ಎಲ್ಲರನ್ನೂ ಬರೆ, ಯಾವ ಜಾತಿಯವರಾದರೂ ಸರಿ.

ಭಟ್ಟರು ಈಗಿಲ್ಲ, ಮಗನಿದ್ದಾನೆ. ಸಮಿತಿಯ ಚೀಟಿ ಕಳಿಸಬೇಡ, ನೀನೇ ಹೋಗು. ಭಾನುವಾರ ಆದರೆ ನಾನೂ ಬರುತ್ತೇನೆ, ಹೆಸರು ಬಿಟ್ಟವನು ನಾನೇ ಅಲ್ವಾ.

ನಿನ್ನ ಬಾಪ್ಪು (ಚಿಕ್ಕಪ್ಪ)