ಭಾವನ ಮನೆಯ 11 ಹಾರ್ಮೋನಿಯಂ

ಭಾವ ತೀರಿಕೊಂಡು ಇಂದಿಗೆ ನಲವತ್ತೆಂಟು ದಿನ. ಹದಿಮೂರನೆಯ ದಿನದ ಕಾರ್ಯ ಮುಗಿದ ಮಾರನೆಯ ದಿನವೇ ಇದನ್ನು ಬರೆಯಬೇಕಿತ್ತು. ಎರಡು ಸಲ ಕುಳಿತೆ. ಎರಡು ಸಲವೂ ಮೊದಲ ವಾಕ್ಯದಾಚೆ ಕೈ ಓಡಲಿಲ್ಲ. ಅಷ್ಟರಲ್ಲಿ ನೆನೆಯಬೇಕಾದವರು ದಿನದಿನಕ್ಕೂ ಹೆಚ್ಚುತ್ತ ಹೋದರು. ಇನ್ನೂ ತಡ ಮಾಡಿದರೆ ಯಾರನ್ನಾದರೂ ಮರೆತುಬಿಟ್ಟೇನು ಎಂಬ ಅಳುಕಿನಿಂದ ಇಂದು ಬರೆಯುತ್ತಿದ್ದೇನೆ.

ಶಿರಸಿ, ಸಿದ್ದಾಪುರ, ಯಲ್ಲಾಪುರದ ಸಂಗೀತದವರಿಗೂ ಘಟ್ಟದ ಕೆಳಗಿನ ಕುಮಟಾ, ಹೊನ್ನಾವರ, ಕಾರವಾರದವರಿಗೂ ‘ಭಾವ’ ಎಂದರೆ ಸಾಕು, ಯಾರೆಂದು ತಿಳಿಯುತ್ತದೆ. ಹೆಸರು, ಫೋಟೋ ಹಾಕುವುದು ಬೇಡ ಎಂದು ಮನೆಯವರು ಹೇಳಿದ್ದಾರೆ. ಬ್ಯಾನರಿನಲ್ಲಿ ತಮ್ಮ ಹೆಸರು ಕಂಡರೆ ಮುದುಡಿಕೊಳ್ಳುತ್ತಿದ್ದ ಮನುಷ್ಯ ಅವರು, ಹಾಗಾಗಿ ಅದೇ ಸರಿ. ನೆಂಟಸ್ತಿಕೆಯ ಲೆಕ್ಕದಲ್ಲಿ ಅವರು ಭಾವ ಆಗಬೇಕಾದದ್ದು ನಮ್ಮಲ್ಲಿ ಮೂರು ನಾಲ್ಕು ಮಂದಿಗೆ ಮಾತ್ರ. ಆದರೆ ಚರ್ಚಿನ ಗಾಯನ ತಂಡದ ಹುಡುಗರಿಗೂ, ಕರಾವಳಿಯ ಭಜನಾ ಮಂಡಳಿಗಳ ಅಜ್ಜಂದಿರಿಗೂ, ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆಗೆ ಬಂದು ಬಿಡಾರ ಹೂಡುವ ನಾಟಕ ಕಂಪನಿಯವರಿಗೂ ಅವರು ಭಾವನೇ. ಅವರ ಹೆಂಡತಿ ಎಲ್ಲರಿಗೂ ಅಕ್ಕ.

ಅವರನ್ನು ಕಾಣದವರೂ ಇದನ್ನು ಓದಬಹುದು. ಅವರಿಗಾಗಿ ಸ್ವಲ್ಪ ಹೇಳುತ್ತೇನೆ. ಎರಡು ಎಕರೆ ಅಡಿಕೆ ತೋಟ, ಮರಗಳಿಗೆ ಹಬ್ಬಿಸಿದ ಕಾಳುಮೆಣಸು, ಕೊಟ್ಟಿಗೆಯಲ್ಲಿ ಎರಡು ಆಕಳು, ಇಷ್ಟು ಅವರ ಬದುಕು. ಕೊಯ್ಲಿನ ಕಾಲದಲ್ಲಿ ಹಾಡಿನ ಬೈಠಕ್‌ಗೆ ಬಂದರೆ ಬೆರಳ ತುದಿಗಳು ಅಡಿಕೆಯ ಚೊಗರಿನಿಂದ ಕಪ್ಪಾಗಿರುತ್ತಿದ್ದವು. ಮಳೆ ಹಿಡಿಯುವ ಹೊತ್ತಿಗೆ, ಕೊಳೆ ರೋಗಕ್ಕೆ ಔಷಧಿ ಹೊಡೆಸುವ ದಿನಗಳಲ್ಲಿ ಬಂದರೆ ಉಗುರಿನ ಸಂದಿಯಲ್ಲಿ ಮೈಲುತುತ್ತದ ನೀಲಿ. ಆ ಬೆರಳುಗಳು ಹಾರ್ಮೋನಿಯಂನ ಬಿಳಿ ಮನೆಗಳ, ಅಂದರೆ ಕೀಲಿಗಳ, ಮೇಲೆ ಇಳಿದವೆಂದರೆ ಹಾಡುವವರ ಕೊರಳಿಗೆ ಒಂದು ಧೈರ್ಯ ಬರುತ್ತಿತ್ತು. ನನ್ನ ಮೊದಲ ಕಛೇರಿಯಲ್ಲಿ ಯಮನ್‌ನ ಆಲಾಪ ಮಾಡುತ್ತ ತೀವ್ರ ಮಧ್ಯಮದ ಮೇಲೆ ನಿಂತಾಗ ಉಸಿರು ಸಾಲಲಿಲ್ಲ. ಭಾವ ಆ ಸ್ವರವನ್ನು ಬಿಡದೆ, ದೊಡ್ಡದೂ ಮಾಡದೆ, ನಾನು ಮತ್ತೆ ಉಸಿರೆಳೆದುಕೊಳ್ಳುವವರೆಗೆ ಹಿಡಿದುಕೊಂಡೇ ಇದ್ದರು. ಸಭೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ. ನನಗೆ ಗೊತ್ತು.

ಧಾರವಾಡ ಸೀಮೆಯ ಹಿಂದುಸ್ತಾನಿ ಸಂಗೀತ ನಮ್ಮ ಅಡಿಕೆ ತೋಟಗಳ ನಡುವೆ ಬೇರು ಬಿಟ್ಟದ್ದು ಎಲ್ಲರಿಗೂ ಗೊತ್ತಿರುವ ಸಂಗತಿ. ಪಂಡಿತ ಬಸವರಾಜ ರಾಜಗುರು ಅವರ ಶಿಷ್ಯರಾದ ಹಾಸಣಗಿ ಗಣಪತಿ ಭಟ್ಟರ ಹೆಸರು ದೇಶಕ್ಕೆಲ್ಲ ತಿಳಿದಿದೆ. ಆದರೆ ಹಳ್ಳಿಹಳ್ಳಿಯ ಜಗಲಿಯಲ್ಲಿ ಹಾಡು ಉಳಿಯಬೇಕಾದರೆ ಹಾಡುವವರಷ್ಟೇ ಇದ್ದರೆ ಸಾಲದು. ಕಲಿಯುವ ಮಗುವಿನ ಹಾಡಿನ ಜೊತೆ ಬಾರಿಸಿ ಸಾಥ್ ಕೊಡಲು ಒಬ್ಬರು ಬೇಕು. ತಬಲಾ ಕಲಿಯುವ ಹುಡುಗ ಕಾಯದಾದ ಬೋಲುಗಳನ್ನು ತಪ್ಪಿಸಿ ತಪ್ಪಿಸಿ ಬಾರಿಸುವಾಗ ಹದಿನಾರು ಮಾತ್ರೆಯ ಲೆಹರಾವನ್ನು, ಅಂದರೆ ತಾಳಕ್ಕೆ ಕಟ್ಟಿದ ಒಂದು ಸಣ್ಣ ಧಾಟಿಯನ್ನು, ಒಂದೇ ಲಯದಲ್ಲಿ ಗಂಟೆಗಟ್ಟಲೆ ತಿರುಗಿಸುವವರು ಬೇಕು. ಲೆಹರಾ ಹಿಡಿದವರಿಗೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಮೂವತ್ತು ವರ್ಷಕ್ಕೂ ಮಿಕ್ಕಿ ನಮ್ಮ ಕಡೆ ಆ ಕೆಲಸ ಮಾಡಿದವರು ಭಾವ.

ಹಾರ್ಮೋನಿಯಂ ಎಂದರೆ ಕೆಲವರಿಗೆ ಈಗಲೂ ತಾತ್ಸಾರ. ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ಬರುವುದಿಲ್ಲ, ಹೊರಗಿನಿಂದ ಬಂದ ವಾದ್ಯ ಎಂಬ ಹಳೆಯ ಆಕ್ಷೇಪ. ಆಕಾಶವಾಣಿ 1940ರಲ್ಲಿ ಅದನ್ನು ಹೊರಗಿಟ್ಟಿತು, ಮತ್ತೆ ಒಳಗೆ ಬಿಟ್ಟುಕೊಂಡದ್ದು 1971ರಲ್ಲಿ. ಭಾವ ಈ ಕತೆಯನ್ನು ಸಿಟ್ಟಿಲ್ಲದೆ ಹೇಳುತ್ತಿದ್ದರು. ‘ಮೂವತ್ತು ವರ್ಷ ಬಾಗಿಲಾಚೆ ನಿಂತ ವಾದ್ಯ ಇದು. ಒಳಗೆ ಕರೆದಾಗ ತಗ್ಗಿ ಕುಳಿತುಕೊಳ್ಳಬೇಕು. ಸುಳ್ಳು ಸ್ವರ ಮಾತ್ರ ಹೇಳಬಾರದು.’

ಸುಳ್ಳು ಸ್ವರ ಎಂದದ್ದು ಸುಮ್ಮನೆ ಅಲ್ಲ. ತಂಬೂರಿಯ ಖರ್ಜದ, ಅಂದರೆ ಕೆಳಗಿನ ಷಡ್ಜದ, ತಂತಿಯನ್ನು ಮೀಟಿ ಕಿವಿಗೊಟ್ಟರೆ ಅದರ ಒಡಲಿನಿಂದ ತಾನಾಗಿ ಒಂದು ಗಾಂಧಾರ ಏಳುತ್ತದೆ. ಅಂಗಡಿಯಿಂದ ತಂದ ಹಾರ್ಮೋನಿಯಂನಲ್ಲಿ ಸಪ್ತಕವನ್ನು ಹನ್ನೆರಡು ಸಮ ಪಾಲು ಮಾಡಿರುತ್ತಾರೆ, ಹಾಗಾಗಿ ಅದರ ಗಾಂಧಾರ ತಂಬೂರಿಯದಕ್ಕಿಂತ ತುಸು ಏರಿ ನಿಲ್ಲುತ್ತದೆ. ಭಾವ ಹಾಡುವವರ ಶ್ರುತಿ ಕೇಳಿಕೊಂಡು, ಅವರ ಗಾಂಧಾರ ಯಾವ ಮನೆಗೆ ಬೀಳುತ್ತದೆಂದು ನೋಡಿ, ಆ ರೀಡನ್ನು ಬಿಚ್ಚಿ ಅಂಗೈಯಲ್ಲಿಟ್ಟುಕೊಳ್ಳುತ್ತಿದ್ದರು. ಹಿತ್ತಾಳೆಯ ಆ ತೆಳು ನಾಲಿಗೆಯನ್ನು ತುದಿಯಲ್ಲಿ ಕೆರೆದರೆ ಸ್ವರ ಏರುತ್ತದೆ, ಬುಡದಲ್ಲಿ ಕೆರೆದರೆ ಇಳಿಯುತ್ತದೆ. ಬುಡದಲ್ಲಿ ಎರಡು ಸಲ ಅರ ಆಡಿಸುವುದು, ಕೂರಿಸುವುದು, ತಂಬೂರಿಯ ಜೊತೆ ಕೇಳುವುದು, ಮತ್ತೆ ಬಿಚ್ಚುವುದು. ಒಂದು ಸ್ವರಕ್ಕೆ ಅರ್ಧ ಗಂಟೆ. ಯಾರ ಶ್ರುತಿ ಮೊದಲ ಕಪ್ಪು ಮನೆ, ಯಾರದು ಐದನೆಯ ಬಿಳಿ ಮನೆ ಎಂಬುದು ಅವರಿಗೆ ಬಾಯಿಪಾಠ.

ಕಳೆದ ಮಾರ್ಗಶಿರದಲ್ಲಿ ಅವರ ಎಡಭಾಗಕ್ಕೆ ಪಾರ್ಶ್ವವಾಯು ಹೊಡೆಯಿತು. ಇಲ್ಲಿಂದ ನನ್ನ ನಮಸ್ಕಾರಗಳು ಶುರುವಾಗಬೇಕು. ಆ ರಾತ್ರಿ ಕಂಬಳಿಯ ಜೋಲಿ ಕಟ್ಟಿ, ಹಳ್ಳದ ಕಾಲುಸಂಕ ದಾಟಿಸಿ, ರಸ್ತೆಯವರೆಗೆ ಹೊತ್ತು ತಂದ ಕೇರಿಯ ಆರು ಜನರಿಗೆ, ಅವರಲ್ಲಿಬ್ಬರು ಭಾವನ ತೋಟದಲ್ಲಿ ಮರ ಹತ್ತಿ ಅಡಿಕೆ ಕೊನೆ ಇಳಿಸುವ ಕೊನೆಗೌಡರು, ನಾವೆಲ್ಲರೂ ಋಣಿಗಳು. ದೊಡ್ಡ ಕಾಯಿಲೆ ಬಂದರೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಗೋವಾ ಎಂದು ಓಡುವುದು ನಮ್ಮ ಉತ್ತರ ಕನ್ನಡ ಜಿಲ್ಲೆಯ ಹಣೆಬರಹ. ಸುಸಜ್ಜಿತ ಆಸ್ಪತ್ರೆ ಬೇಕೆಂದು 2022ರಲ್ಲಿ ಜಿಲ್ಲೆಯ ಜನ ಎತ್ತಿದ ದನಿ ಎಷ್ಟು ನ್ಯಾಯವಾದದ್ದೆಂದು ಆ ರಾತ್ರಿ ಆಂಬುಲೆನ್ಸಿನ ಹಿಂದಿನ ಸೀಟಿನಲ್ಲಿ ಕುಳಿತಿದ್ದ ನಮಗೆ ಗೊತ್ತು. ದಾರಿಯುದ್ದಕ್ಕೂ ಒಂದು ಕಡೆಯೂ ನಿಲ್ಲಿಸದೆ, ಒಂದು ಮಾತೂ ಆಡದೆ ಗಾಡಿ ಓಡಿಸಿ, ಬೆಳಗಿನ ಜಾವ ಆಸ್ಪತ್ರೆಯ ಬಾಗಿಲಲ್ಲಿ ಇಳಿಸಿದ ಮೇಲೆ ‘ಇವರು ನಮ್ಮೂರ ಗುಡಿಗೆ ಹಾರ್ಮೋನಿಯಂ ಸರಿ ಮಾಡಿ ಕೊಟ್ಟಿದ್ದರು’ ಎಂದು ಹೇಳಿದ ಚಾಲಕರೇ, ನಿಮ್ಮ ಹೆಸರನ್ನೂ ಕೇಳಿಕೊಳ್ಳಲಾಗಲಿಲ್ಲ. ಇದು ನಿಮ್ಮ ಕಣ್ಣಿಗೆ ಬೀಳಲಿ.

ಮನೆಗೆ ಮರಳಿದ ಮೇಲೆ ಭಾವನ ಬಲಗೈ ಮೊದಲಿನಂತೆಯೇ ಇತ್ತು. ಎಡಗೈ ಬರಲೇ ಇಲ್ಲ. ಹಾರ್ಮೋನಿಯಂ ಬಲ್ಲವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಿಲ್ಲ. ಬೆರಳುಗಳಿವೆ, ಗಾಳಿ ಇಲ್ಲ. ಎರಡು ತಿಂಗಳು ಅವರು ಪೆಟ್ಟಿಗೆಯ ಮುಚ್ಚಳ ತೆಗೆಯಲಿಲ್ಲ. ಆಮೇಲೆ ಒಂದು ಸಂಜೆ ಪಕ್ಕದ ಮನೆಯ ಹುಡುಗಿ, ಏಳನೆಯ ತರಗತಿಯವಳು, ಪಾಠಕ್ಕೆಂದು ಬಂದವಳು ಎದುರು ಬದಿಗೆ ಕುಳಿತು ತಿದಿ ಎಳೆಯತೊಡಗಿದಳು. ‘ನಾನು ಗಾಳಿ ಹಾಕುತ್ತೇನೆ ಭಾವ, ನೀವು ಬಾರಿಸಿ.’ ಮೊದಲ ದಿನ ಗಾಳಿ ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ, ಸ್ವರ ಅಲುಗಾಡುತ್ತಿತ್ತು. ಭಾವ ಬೈಯಲಿಲ್ಲ. ತಮ್ಮ ಉಸಿರನ್ನೇ ಅವಳಿಗೆ ಕೇಳುವಂತೆ ದೊಡ್ಡದಾಗಿ ಎಳೆದು ಬಿಟ್ಟು ತೋರಿಸಿದರು. ಅವಳು ಅದನ್ನು ನೋಡಿಕೊಂಡು ಎಳೆಯತೊಡಗಿದಳು. ಚೈತ್ರದ ಹೊತ್ತಿಗೆ ಇಬ್ಬರೂ ಸೇರಿ ಭೀಮಪಲಾಸ ಬಾರಿಸುತ್ತಿದ್ದರು. ಬಾಗಿಲಾಚೆ ನಿಂತು ಕೇಳಿದರೆ ಒಬ್ಬರೇ ಬಾರಿಸುತ್ತಿದ್ದಾರೆಂದೇ ಅನ್ನಿಸಬೇಕು.

ಆ ಹುಡುಗಿಗೂ, ಶಾಲೆ ಬಿಟ್ಟೊಡನೆ ಅವಳನ್ನು ಅಲ್ಲಿಗೆ ಕಳಿಸಿದ ಅವಳ ತಾಯಿಗೂ ಹೇಳುತ್ತೇನೆ: ಆ ಐದು ತಿಂಗಳು ನೀವು ಭಾವನಿಗೆ ಕೊಟ್ಟದ್ದನ್ನು ನಾವು ಯಾರೂ ಕೊಡಲಾರದವರಾಗಿದ್ದೆವು.

ಪುಷ್ಯ ಮಳೆಯ ಜಡಿಯಲ್ಲಿ, ಬೆಳಗಿನ ಹೊತ್ತು, ಭಾವ ಹೋದರು. ಮೂರು ದಿನದಿಂದ ಕರೆಂಟ್ ಇರಲಿಲ್ಲ, ಮೊಬೈಲ್‌ಗೆ ಸಿಗ್ನಲ್ ಇರಲಿಲ್ಲ. ಗುಡ್ಡದ ತುದಿಗೆ ಹತ್ತಿ ಒಬ್ಬೊಬ್ಬರಿಗೇ ಫೋನು ಮಾಡಿದ ಹುಡುಗರನ್ನು ಮರೆಯಲಾರೆ. ದೇವಿಮನೆ ಘಟ್ಟದಲ್ಲಿ ಮಣ್ಣು ಕುಸಿದು ದಾರಿ ಬಂದಾಗಿತ್ತು. ಕುಮಟಾದ ಭಜನಾ ಮಂಡಳಿಯವರು ದೊಡ್ಮನೆ ಘಟ್ಟ ಹತ್ತಿ, ಸಿದ್ದಾಪುರ ಸುತ್ತಿ ಬಂದರು. ಒದ್ದೆ ಬಟ್ಟೆಯಲ್ಲೇ ಅಂಗಳದ ತಗಡಿನ ಮಾಡಿನಡಿ ನಿಂತು, ತಾಳವೂ ಇಲ್ಲದೆ, ಮಳೆಯ ಸದ್ದಿಗಿಂತ ಸ್ವಲ್ಪವೇ ಎತ್ತರದ ದನಿಯಲ್ಲಿ ಒಂದು ಅಭಂಗ ಹೇಳಿದರು. ಒಣ ಕಟ್ಟಿಗೆ ಸಿಗದ ಆ ದಿನಗಳಲ್ಲಿ ತಮ್ಮ ಅಡಿಕೆ ಬೇಯಿಸುವ ಒಲೆಗೆಂದು ಕೂಡಿಟ್ಟ ಕಟ್ಟಿಗೆಯನ್ನು ಹೊತ್ತು ತಂದ ಮೂರು ಮನೆಯವರಿಗೆ ಏನೆಂದು ಹೇಳಲಿ? ನಿಮ್ಮ ಉಪಕಾರವನ್ನು ಅಕ್ಕ ದಿನವೂ ನೆನೆಯುತ್ತಾರೆ.

ಹದಿಮೂರು ದಿನ ಅಡುಗೆ ಮನೆಯನ್ನು ಹೊತ್ತವರು, ಆಕಳ ಹಾಲು ಕರೆದವರು, ಎರಡನೆಯ ಸಲದ ಔಷಧಿಯನ್ನು ಮಳೆ ಬಿಡುವು ಕೊಟ್ಟ ಒಂದೂವರೆ ದಿನದಲ್ಲಿ ಭಾವನ ತೋಟಕ್ಕೆ ಹೊಡೆಸಿ ಕೊಳೆ ಬೀಳದಂತೆ ನೋಡಿಕೊಂಡವರು, ನಿಮಗೆಲ್ಲ ಕೈ ಮುಗಿಯುತ್ತೇನೆ.

ಕಾರ್ಯವೆಲ್ಲ ಮುಗಿದ ಮೇಲೆ ಅಕ್ಕ ನಮ್ಮನ್ನು ಮಾಳಿಗೆಗೆ ಕರೆದುಕೊಂಡು ಹೋದರು. ಅಲ್ಲಿ ಗೋಣಿಚೀಲ ಹಾಸಿದ ಹಲಗೆಗಳ ಮೇಲೆ 11 ಹಾರ್ಮೋನಿಯಂಗಳಿದ್ದವು. ಕಾಯಿಲೆ ಬಿದ್ದ ಮೇಲೂ ಜನ ತಂದುಕೊಡುವುದನ್ನು ಬಿಟ್ಟಿರಲಿಲ್ಲ, ಭಾವ ಬೇಡ ಎನ್ನುವುದನ್ನು ಕಲಿತಿರಲಿಲ್ಲ. ಕರಾವಳಿಯಿಂದ ಬಂದವುಗಳ ರೀಡಿಗೆ ಉಪ್ಪುಗಾಳಿಗೆ ಕಿಲುಬು ಹಿಡಿದಿತ್ತು. ಘಟ್ಟದ ಮೇಲಿನವುಗಳಲ್ಲಿ ಮರ ಉಬ್ಬಿ ಮನೆಗಳು ಕಚ್ಚಿಕೊಂಡಿದ್ದವು. ಒಂದರ ತಿದಿಯೊಳಗೆ ಇಲಿ ಗೂಡು ಕಟ್ಟಿತ್ತು. ಪ್ರತಿಯೊಂದರ ಮೇಲೂ ಹಳೆಯ ಪಂಚಾಂಗದ ಹಾಳೆ ಹರಿದು ಮಾಡಿದ ಚೀಟಿ, ಭಾವನ ಕೈಬರಹ. ‘ಕಾರವಾರ. ಮಧ್ಯಮ ಗರಗರ. ಜಿರಲೆ.’ ‘ಹೊನ್ನಾವರ ಭಜನೆ. ಚೌತಿಗೆ ಮೊದಲು.’ ‘ಶಾಲೆಯದು. ದುಡ್ಡು ಕೇಳಬಾರದು.’ ಈ ಕೊನೆಯದನ್ನು ತಮಗೆ ತಾವೇ ಬರೆದುಕೊಂಡದ್ದು. ಬಲಗೈಯೊಂದರಿಂದ, ಅಕ್ಕನನ್ನು ಎದುರಿಗೆ ಕೂರಿಸಿ ಹಿಡಿಸಿಕೊಂಡು, ಮೂರನ್ನು ಮುಗಿಸಿದ್ದರು. ಎಂಟು ಹಾಗೆಯೇ ಬಿಚ್ಚಿಕೊಂಡಿದ್ದವು.

ಬಿಸ್ಕತ್ತಿನ ಒಂದು ಹಳೆಯ ಡಬ್ಬಿಯಲ್ಲಿ ಗುಜರಾತಿನ ಪಾಲಿತಾಣಾದಿಂದ ತರಿಸಿದ ರೀಡುಗಳಿದ್ದವು. ಒಂದೊಂದನ್ನೂ ಬೇರೆ ಬೇರೆ ಅರಿವೆ ತುಂಡಿನಲ್ಲಿ ಸುತ್ತಿ, ಮೇಲೆ ಸ್ವರದ ಹೆಸರು ಬರೆದು ಇಟ್ಟಿದ್ದರು.

ಚೌತಿಗೆ ಇಪ್ಪತ್ತು ದಿನವೂ ಉಳಿದಿರಲಿಲ್ಲ. ನಮ್ಮಲ್ಲಿ ಯಾರಿಗೂ ಆ ಕೆಲಸ ಬಾರದು. ಆಗ ಹುಬ್ಬಳ್ಳಿ ಕಡೆಯಿಂದ ಒಬ್ಬರು ಬಂದರು. ಅವರೂ ಹೆಸರು ಬೇಡವೆಂದಿದ್ದಾರೆ. ಭಾವನಿಗೆ ಫೋನಿನಲ್ಲಷ್ಟೇ ಪರಿಚಯದವರು. ರೀಡುಗಳ ಬಗ್ಗೆ ಇಬ್ಬರೂ ವರ್ಷಗಟ್ಟಲೆ ಮಾತಾಡಿದ್ದರಂತೆ, ಮುಖ ನೋಡಿರಲಿಲ್ಲ. ನಾಲ್ಕು ದಿನ ಜಗಲಿಯ ಮೇಲೆ ಮಲಗಿ, ಹಗಲೆಲ್ಲ ಮಾಳಿಗೆಯಲ್ಲಿ ಕುಳಿತು ಎಂಟನ್ನೂ ಮುಗಿಸಿದರು. ಮೊದಲೇ ಮುಗಿದಿದ್ದ ಮೂರನ್ನು ತಂಬೂರಿಗೆ ಹೊಂದಿಸಿ ಕೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಇವನ್ನು ಮುಟ್ಟುವ ಅಗತ್ಯವಿಲ್ಲ’ ಎಂದರು. ಹೊರಡುವಾಗ ಹಣದ ಲಕೋಟೆಯನ್ನು ಮುಟ್ಟಲಿಲ್ಲ. ಭಾವನ ಅರಗಳಲ್ಲಿ ಒಂದನ್ನು ಕೇಳಿದರು. ಅಕ್ಕ ಹಿಡಿ ಸವೆದದ್ದನ್ನೇ ಆರಿಸಿ ಕೊಟ್ಟರು. ಸ್ವಾಮಿ, ನಿಮ್ಮ ಆ ನಾಲ್ಕು ದಿನಗಳಿಗೆ ನಮ್ಮ ಬಳಿ ಬೆಲೆ ಇಲ್ಲ.

ಭಾವನನ್ನು ಹಾಡಿನಲ್ಲೇ ನೆನೆಯುವ ನಾದನಮನದ ಬೈಠಕ್ ಅವರ ಜಗಲಿಯಲ್ಲೇ ನಡೆಯಿತು. ಹಾರ್ಮೋನಿಯಂನ ಜಾಗವನ್ನು ಅಂದು ಖಾಲಿ ಬಿಡಬೇಕೆಂದು ನಮ್ಮಲ್ಲಿ ಹಲವರ ಅಪೇಕ್ಷೆ, ನನ್ನದೂ ಅದೇ. ಅಕ್ಕ ಒಪ್ಪಲಿಲ್ಲ. ‘ಹಾಡುವವರನ್ನು ಒಂಟಿಯಾಗಿ ಕೂರಿಸಿದಿರಿ ಎಂದು ತಿಳಿದರೆ ಅವರು ನೊಂದುಕೊಳ್ಳುತ್ತಿದ್ದರು’ ಎಂದರು. ಅವರು ಹೇಳಿದ್ದೇ ಸರಿ. ಸಾಥ್‌ಗೆ ಕುಳಿತವರು, ತಬಲಾ ಬಾರಿಸಿದವರು, ಹಾಡಿದವರು ಯಾರೂ ಪ್ರಯಾಣದ ಖರ್ಚನ್ನೂ ತೆಗೆದುಕೊಳ್ಳಲಿಲ್ಲ. ಮಳೆಗೆ ತಬಲಾದ ಚರ್ಮ ಸಡಿಲವಾಗಿ ಮತ್ತೆ ಮತ್ತೆ ಕೆಂಡದ ಬಳಿ ಹಿಡಿಯಬೇಕಾಯಿತು, ಅದಕ್ಕೆಂದೇ ಒಲೆಯ ಮುಂದೆ ಇಡೀ ಸಂಜೆ ಕುಳಿತವರೊಬ್ಬರು ಹಾಡನ್ನು ಕೇಳಲಿಲ್ಲ. ಅವರಿಗೂ ನಮಸ್ಕಾರ.

ಚೌತಿಗೆ ಎರಡು ದಿನ ಮೊದಲು ಹಾರ್ಮೋನಿಯಂಗಳನ್ನು ಗಾಡಿಗೆ ಹೇರಿದೆವು. ತಮ್ಮ ಗಾಡಿಯನ್ನು ಕೊಟ್ಟು, ಡೀಸೆಲನ್ನೂ ತಾವೇ ಹಾಕಿಸಿ ಕಾರವಾರದವರೆಗೆ ಓಡಿಸಿದ ಗೆಳೆಯರಿಗೆ, ಹೊನ್ನಾವರದಲ್ಲಿ ಪೆಟ್ಟಿಗೆ ಇಳಿಸಿದೊಡನೆ ನಮ್ಮನ್ನು ಕೂರಿಸಿ ಊಟ ಹಾಕಿದ ಮನೆಯವರಿಗೆ, ಚೀಟಿಯನ್ನು ದೇವರ ಮುಂದೆ ಇಟ್ಟುಕೊಳ್ಳುತ್ತೇವೆ ಎಂದು ಕೇಳಿ ಪಡೆದ ಶಾಲೆಯ ಮಾಸ್ತರರಿಗೆ ಧನ್ಯವಾದಗಳು. ಶಾಲೆಯವರಿಂದ ದುಡ್ಡು ಕೇಳಲಿಲ್ಲ.

ಹತ್ತು ಹಾರ್ಮೋನಿಯಂಗಳು ಮನೆ ಸೇರಿವೆ. ಒಂದು ಉಳಿದಿದೆ. ಅದರ ಚೀಟಿಯಲ್ಲಿ ‘ಪಾಪ, ಬೇಗ ಕೊಡಬೇಕು’ ಎಂದಷ್ಟೇ ಇದೆ, ಊರಿಲ್ಲ. ಕಪ್ಪು ಬಣ್ಣದ್ದು, ಮೂರೂವರೆ ಸಪ್ತಕದ್ದು. ಎಡಬದಿಯ ಹಿಡಿಕೆ ಮುರಿದು ಸೆಣಬಿನ ಹಗ್ಗ ಕಟ್ಟಿದ್ದಾರೆ. ನಡುವಿನ ಮನೆಗಳ ಮೇಲೆ ಮಗುವಿನ ಅಕ್ಷರದಲ್ಲಿ ಸ, ರಿ, ಗ, ಮ, ಪ ಎಂದು ಬರೆದ ಕಾಗದದ ತುಂಡುಗಳನ್ನು ಅಂಟಿಸಿದೆ, ಪಂಚಮದಿಂದ ಮುಂದಕ್ಕಿಲ್ಲ. ರಿಪೇರಿ ಮಾಡಿದವರು ಅವನ್ನು ಕಿತ್ತಿಲ್ಲ. ಗುರುತು ಹತ್ತಿದವರು ದಯವಿಟ್ಟು ಅಕ್ಕನ ಮನೆಗೆ ಬನ್ನಿ, ಏನೂ ಕೊಡಬೇಕಾಗಿಲ್ಲ. ನೀವು ಬರುವವರೆಗೆ ತೊಗಲು ಬಿರುಸಾಗದಿರಲೆಂದು ಪ್ರತಿ ಭಾನುವಾರ ಸಂಜೆ ಆ ಹುಡುಗಿ ಅದಕ್ಕೆ ಗಾಳಿ ಹಾಕುತ್ತಿದ್ದಾಳೆ.