ಪುಟ್ಟನ ಆಪರೇಷನ್ ದಿನ

ಚಿ. ಸೌ. ಸುಧಾಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ಆಪರೇಷನ್ ಮುಗಿಯುವವರೆಗೂ ಪುಟ್ಟನ ಪಕ್ಕದಲ್ಲೇ ಇರುತ್ತೇನೆ ಎಂಬ ಹಟ ಬೇಡಮ್ಮ. ಆಗ ಅವನಿಗೆ ಪ್ರಜ್ಞೆಯೇ ಇರುವುದಿಲ್ಲ. ನೀವು ಬೇಕಾಗುವುದು ಅವನು ನಿದ್ದೆಗೆ ಜಾರುವವರೆಗೆ, ಮತ್ತೆ ಕಣ್ಣು ಬಿಡುವಾಗ.

ಅರಿವಳಿಕೆ (ಪ್ರಜ್ಞೆ ತಪ್ಪಿಸುವ ಔಷಧ) ಕೊಡುವಾಗ ಮನೆಯವರೊಬ್ಬರನ್ನು ಒಳಗೆ ಬಿಡುತ್ತಾರೆಯೇ ಎಂದು ಅರಿವಳಿಕೆ ವೈದ್ಯರನ್ನು ಮೊದಲೇ ಕೇಳು; ಎಲ್ಲ ಕಡೆ ಬಿಡುವುದಿಲ್ಲ. ಬಿಟ್ಟರೆ, ನಿಮ್ಮಿಬ್ಬರಲ್ಲಿ ಗಟ್ಟಿ ಮನಸ್ಸಿನವರು ಹೋಗಿ. ನಿನ್ನ ಕೈ ನಡುಗಿದರೆ ಅವನಿಗೂ ಗೊತ್ತಾಗುತ್ತದೆ, ಹಾಗಿದ್ದರೆ ಅಳಿಯಂದಿರೇ ಹೋಗಲಿ. ಹೋಗುವವರು ಮಾತ್ರ ತಿಂಡಿ ತಿಂದಿರಬೇಕು. ತಲೆ ಸುತ್ತಿ ಬಿದ್ದರೆ ನರ್ಸು ಮಗುವನ್ನು ಬಿಟ್ಟು ನಿಮ್ಮನ್ನು ಹಿಡಿಯಬೇಕಾಗುತ್ತದೆ.

ಅರಿವಳಿಕೆಯ ಮಾಸ್ಕ್ ಮುಖಕ್ಕಿಟ್ಟು ಸ್ವಲ್ಪ ಹೊತ್ತಿಗೆ ಕಣ್ಣುಗುಡ್ಡೆ ಮೇಲೆ ಹೋಗಬಹುದು, ಕೈಕಾಲು ಕೊಸರಾಡಬಹುದು, ಉಸಿರು ಗೊರಕೆಯಂತೆ ಕೇಳಬಹುದು. ತಿಳಿಯದವರು ಗಾಬರಿಯಾಗಿ ಮಗುವನ್ನು ಎತ್ತಿಕೊಳ್ಳಲು ಹೋಗುತ್ತಾರೆ. ಔಷಧ ಏರುವಾಗ ಹಾಗಾಗುವುದು ಸಹಜ. ಅದೇ ಹೊತ್ತಿನಲ್ಲಿ ಗಂಟಲು ಬಿಗಿದು ಉಸಿರು ಕಟ್ಟುವ ಸಂಭವವೂ ಇರುವುದರಿಂದ ವೈದ್ಯರ ಗಮನವೆಲ್ಲ ಅಲ್ಲೇ ಇರಬೇಕು. "ಇನ್ನು ಹೊರಡಿ" ಎಂದ ಕೂಡಲೇ ಹಣೆಗೊಂದು ಮುತ್ತು ಕೊಟ್ಟು ಹೊರಟುಬಿಡಿ. ನೆಗಡಿ ಕೆಮ್ಮಿದ್ದರೆ ಈ ತೊಂದರೆ ಹೆಚ್ಚು, ಅದಕ್ಕೇ ಮುಂಚೆಯೇ ಹೇಳಬೇಕು. ಅಲುಗಾಡುವ ಹಲ್ಲಿದ್ದರೆ ಅದನ್ನೂ.

ಹೊಟ್ಟೆ ಖಾಲಿ ಇರುವಂತೆ ಕಾಯುವುದು ಮನೆಯವರ ದೊಡ್ಡ ಕೆಲಸ. ಸಾಮಾನ್ಯವಾಗಿ ಅರಿವಳಿಕೆ ಕೊಡುವ ಹೊತ್ತಿಗೆ ಲಘು ಆಹಾರ, ಹಸುವಿನ ಹಾಲು ನಿಲ್ಲಿಸಿ 6 ಗಂಟೆ ಕಳೆದಿರಬೇಕು, ಎದೆಹಾಲು ನಿಲ್ಲಿಸಿ 4 ಗಂಟೆ, ಬರೀ ನೀರು ನಿಲ್ಲಿಸಿ 2 ಗಂಟೆ. ನಿಮ್ಮ ವೈದ್ಯರು ಬೇರೆ ಹೇಳಿದರೆ ಅದೇ ಲೆಕ್ಕ. ಅಳುತ್ತಾನೆಂದು ಯಾರಾದರೂ ಒಂದು ಬಿಸ್ಕತ್ತು ಕೊಟ್ಟಿದ್ದರೂ ಬೈಸಿಕೊಂಡೇವೆಂದು ಮುಚ್ಚಿಡಬೇಡಿ. ಮಂಪರಿನಲ್ಲಿ ಅದು ಮೇಲೆ ಬಂದು ಶ್ವಾಸಕೋಶಕ್ಕಿಳಿದರೆ ಜೀವಕ್ಕೇ ಅಪಾಯ. ಆಪರೇಷನ್ ಮುಂದೆ ಹೋದರೆ ಹೋಗಲಿ.

ಎಚ್ಚರವಾಗುವ ಹೊತ್ತಿಗೆ ನೀನಿರು. ಚಿಕ್ಕ ಮಕ್ಕಳು ಕೆಲವರು ನೋವಿಲ್ಲದಿದ್ದರೂ ಅಮ್ಮನನ್ನೇ ಗುರುತಿಸದೆ ಕಿರುಚಿ ಒದೆಯುತ್ತಾರೆ. ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ತಾನಾಗಿ ಇಳಿಯುತ್ತದೆ. ನಾಲ್ಕು ಜನ ಮುತ್ತಿಕೊಂಡು ಮಾತಾಡಿಸಬೇಡಿ, ಅಲುಗಾಡಿಸಬೇಡಿ. ನೀನೊಬ್ಬಳೇ ಮೆಲ್ಲಗೆ ಹೆಸರು ಹಿಡಿದು ಕರೆ, ಡ್ರಿಪ್ ಕಿತ್ತುಕೊಳ್ಳದಂತೆ ಆ ಕೈಯನ್ನು ಹಿಡಿದಿರು. ವಾಂತಿ ಬಂದರೆ ಪಕ್ಕಕ್ಕೆ ಹೊರಳಿಸಿ ನರ್ಸನ್ನು ಕೂಗು.

ಅವನ ಹಳೇ ಹೊದಿಕೆ ಮರೆಯದೆ ಇಟ್ಟುಕೊ. ತೊಳೆಯಬೇಕಾದರೆ ಎರಡು ದಿನ ಮುಂಚೆಯೇ ತೊಳೆ, ಮನೆಯ ವಾಸನೆ ಮತ್ತೆ ಹತ್ತಿರಲಿ.

ನಿನ್ನ ದೊಡ್ಡಮ್ಮ